ಎದುರು ಷೆಡ್ಡಿನಲ್ಲಿ ನಿಂತ ಕಾರು

ಸದಾ ಕೈಯಲ್ಲಿ ಬೋಲ್ಟು ಬಿಚ್ಚುವ ಪಾನಾ ಹಿಡಿದು ತಿರುಗುತ್ತಿದ್ದುದರಿಂದ ಆ ಮೆಕ್ಯಾನಿಕ್ ಬೀದಿಗೆಲ್ಲ ಪಾನಣ್ಣ. ಮೂರು ದಿನದಿಂದ ಅವನ ಹೊಟ್ಟೆಯಲ್ಲಿ ಬೆಂಕಿ. ಹದಿನೈದು ವರ್ಷ ಅವನೊಬ್ಬನ ಕೈ ಬಿಟ್ಟು ಬೇರೆ ಕೈ ಕಾಣದಿದ್ದ ನರ್ಸಮ್ಮನ ಪುಟ್ಟ ಹಳೇ ಕಾರು, ರಸ್ತೆಯಾಚೆಯ ಹೊಸ ಷೆಡ್ಡಿನಲ್ಲಿ ಬಾನೆಟ್ ತೆರೆದುಕೊಂಡು ನಿಂತಿತ್ತು. ಆ ಷೆಡ್ಡಿನವನಿಗೆ ಪಾನಣ್ಣ ಇಟ್ಟ ಹೆಸರು ಇಸ್ತ್ರಿ. ಗ್ರೀಸಿನ ಕೆಲಸಕ್ಕೂ ಅವನು ಗರಿಗರಿ ಇಸ್ತ್ರಿಯ ಅಂಗಿ ತೊಟ್ಟೇ ಬರುತ್ತಿದ್ದ.

ಮುಕ್ಕಾಲು ಗಂಟೆ ಓಡಿದರೆ ಕಾರು ಉಸಿರುಗಟ್ಟಿ ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ ಎಂದು ನರ್ಸಮ್ಮ ಮೊದಲು ಬಂದದ್ದು ಪಾನಣ್ಣನ ಹತ್ತಿರವೇ. ಅವನು ಎರಡು ಬೀದಿ ಸುತ್ತಿಸಿ ತಂದು, "ಕಾರು ಗುಂಡುಕಲ್ಲಿನ ಹಾಗಿದೆ. ನಿಮಗೇ ಅನುಮಾನದ ಕಾಯಿಲೆ" ಎಂದು ನಕ್ಕುಬಿಟ್ಟಿದ್ದ. ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವಾಕೆಗೆ ದಾರಿಯಲ್ಲಿ ಹಾಳಾಗುವ ಹತ್ತು ನಿಮಿಷ ನಗುವ ವಿಷಯವಲ್ಲ. ಕೀಲಿ ಇಸಿದುಕೊಂಡು ರಸ್ತೆ ದಾಟಿದ್ದಳು.

"ಆ ಕಡೆನೇ ನೋಡಿ ನೋಡಿ ಕುತ್ತಿಗೆ ತಿರುಚ್ಕೊಳ್ಳುತ್ತೆ. ಹೋಗಿ ಒಂದ್ಸಲ ಮುಟ್ಟಿ ಬನ್ನಿ" ಎಂದು ಹೆಂಡತಿ ಚುಚ್ಚಿದಳು.

"ನಾನ್ಯಾಕೆ ಹೋಗ್ಲಿ? ಇಸ್ತ್ರಿ ಮಹಾಶಯರು ಪಂಪ್ ಬದಲಾಯಿಸಿದ್ರು, ಫಿಲ್ಟರ್ ಬದಲಾಯಿಸಿದ್ರು. ಇನ್ನು ನರ್ಸಮ್ಮನ್ನ ಬದಲಾಯಿಸೋದೊಂದು ಬಾಕಿ!"

ಅಷ್ಟರಲ್ಲಿ, ಮುಕ್ಕಾಲು ಗಂಟೆಯ ಹಿಂದೆ ಕಾರನ್ನು ಓಡಿಸಿ ನೋಡಲು ಹೋಗಿದ್ದ ಇಸ್ತ್ರಿ ವಾಪಸು ಬರುವಾಗ ಅದು ತಿರುವಿನಲ್ಲೇ ನಿಂತುಹೋಯಿತು. ಪಾನಣ್ಣನಿಗೆ ಹಬ್ಬವೋ ಹಬ್ಬ. ಇಸ್ತ್ರಿ ಇಳಿದವನೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟ, ಮುಚ್ಚಿದ, ಕೀಲಿ ತಿರುಗಿಸಿದ. ಕಾರು ತಟ್ಟನೆ ಹೊರಟಿತು.

ಪಾನಣ್ಣನ ನಗು ಅರ್ಧಕ್ಕೇ ಇಂಗಿತು. ಹತ್ತು ನಿಮಿಷ ಕಾಯಲೇ ಇಲ್ಲವಲ್ಲ! ಮುಚ್ಚಳ ತೆಗೆದ ಕೂಡಲೇ ಸರಿಹೋಯಿತು. ಆ ಮುಚ್ಚಳ ಅವನದೇ ಕೈಕೆಲಸ. ಹೋದ ತಿಂಗಳು ಹಳೆಯದು ಕಳೆದಾಗ, ಗುಜರಿ ಕಾರೊಂದರದನ್ನು ಸದ್ಯಕ್ಕಿರಲಿ ಎಂದು ತಿರುಗಿಸಿ ಕೂರಿಸಿದ್ದ. ಹಳೆಯದಕ್ಕೆ ಗಾಳಿಯಾಡಲು ಸಣ್ಣ ತೂತಿತ್ತು, ಇದಕ್ಕಿಲ್ಲ. ಪೆಟ್ರೋಲ್ ಕಡಿಮೆಯಾದಂತೆ ಒಳಗೆ ಗಾಳಿ ಬಾರದೆ, ಪಂಪ್ ಎಷ್ಟು ಹೀರಿದರೂ ಏನೂ ಬರುತ್ತಿರಲಿಲ್ಲ. ಹತ್ತು ನಿಮಿಷ ಬಿಟ್ಟರೆ ಮುಚ್ಚಳದ ಸಂದಿಯಿಂದ ಗಾಳಿ ನಿಧಾನಕ್ಕೆ ಒಳಸೇರುತ್ತಿತ್ತು, ಅಷ್ಟೇ.

ಸುಮ್ಮನಿದ್ದರೆ ಇಸ್ತ್ರಿಯ ಮಾನ ಬೀದಿಪಾಲು, ನರ್ಸಮ್ಮ ತಾನಾಗಿಯೇ ಹಿಂದಿರುಗುತ್ತಾಳೆ. ಆ ಯೋಚನೆ ನಾಲಿಗೆಯ ಮೇಲೆ ಬೆಲ್ಲದಂತೆ ಕರಗುತ್ತಿರುವಾಗಲೇ ಆಕೆ ಚೀಲ ಹಿಡಿದು ಇಸ್ತ್ರಿಯ ಷೆಡ್ಡಿಗೆ ಬಂದಳು.

"ಆಯ್ತೇನಪ್ಪಾ? ಗುಡ್ಡದಾಚೆ ಹೋಗ್ಬೇಕು. ಚೊಚ್ಚಲು, ನೋವು ಶುರುವಾಗಿದೆಯಂತೆ."

"ಈಗ ಓಡ್ತಿದೆ ಮೇಡಂ. ಆದ್ರೆ ಖಾತ್ರಿ ಕೊಡಲಾರೆ."

"ಬೇರೆ ದಾರಿ ಇಲ್ಲ" ಎಂದು ಆಕೆ ಕೀಲಿಗೆ ಕೈಚಾಚಿದಳು.

ಗುಡ್ಡದಾಚೆಗೆ ಒಂದು ಗಂಟೆಯ ಹಾದಿ. ಪಾನಣ್ಣನ ಕಾಲು ಅವನ ಅಪ್ಪಣೆಯನ್ನೂ ಕೇಳದೆ ರಸ್ತೆ ದಾಟಿತು.

"ಹೋಗ್ಬೇಡಿ, ನಿಲ್ಲುತ್ತೆ. ಟ್ಯಾಂಕಿಗೆ ಉಸಿರಿಲ್ಲ." ಮುಚ್ಚಳ ಬಿಚ್ಚಿ ತಂದು, ತನ್ನ ಡ್ರಿಲ್ಲಿನಿಂದ ಸೂಜಿಮೊನೆಯಷ್ಟು ತೂತು ಕೊರೆದು, ಒರೆಸಿ ಮತ್ತೆ ಹಾಕಿದ.

ಇಸ್ತ್ರಿ ಹಣೆ ಚಚ್ಚಿಕೊಂಡ. "ಅಯ್ಯೋ, ಇದನ್ನ ಹಾಕಿದ ಪುಣ್ಯಾತ್ಮ ಯಾರು?"

ಪಾನಣ್ಣ ಮುಚ್ಚಳವನ್ನು ಇನ್ನೊಮ್ಮೆ ಬಿಗಿಮಾಡಿದ. "ನಾನೇ."

ನರ್ಸಮ್ಮ ಚೀಲವನ್ನು ಕಾರಿನೊಳಗಿಟ್ಟು ಅವನತ್ತ ನೋಡಿದಳು. "ನಂಗೆ ಅನುಮಾನದ ಕಾಯಿಲೆ ಅಂದ್ರಲ್ಲ" ಎಂದಷ್ಟೇ ಹೇಳಿ, ಇಸ್ತ್ರಿಯ ಕಡೆ ತಿರುಗಿದಳು. "ನೀವು ನನ್ನ ಮಾತು ನಂಬಿದ್ರಿ. ಮುಂದಿನ ಸರ್ವಿಸ್ಸೂ ನಿಮ್ಮಲ್ಲೇ." ಕಾರು ಹೊರಟಿತು.

ಪಾನಣ್ಣ ತನ್ನ ಷೆಡ್ಡಿಗೆ ಮರಳಲಿಲ್ಲ. ಇಸ್ತ್ರಿ ಎಳೆದುಕೊಟ್ಟ ಸ್ಟೂಲಿನ ಮೇಲೆ ಕೂರಲೂ ಇಲ್ಲ. ಮುಕ್ಕಾಲು ಗಂಟೆ ಕಳೆಯಿತು, ಒಂದು ಗಂಟೆಯಾಯಿತು. ಕೊನೆಗೆ ಫೋನ್ ಹೊಡೆದುಕೊಂಡದ್ದು ಇಸ್ತ್ರಿಯ ಜೇಬಿನಲ್ಲಿ.

"ತಲುಪಿದ್ರಂತೆ. ಎಲ್ಲೂ ನಿಲ್ಲಲಿಲ್ವಂತೆ."

"ನಂಗೂ ಹೇಳು ಅಂದ್ರಾ?"

ಇಸ್ತ್ರಿ ನೆಲ ನೋಡಿದ. "ಇಲ್ಲಣ್ಣಾ. ನಾನೇ ಹೇಳ್ತಿದೀನಿ."