ಒಸ್ಮೊನ್‌ನ ಕಿವಿ

ಮೋಟಾರ್‌ಸೈಕಲ್ ಮೂರನೆಯ ಸಲ ನಿಂತುಹೋದಾಗ, ಹಾಡಿ ಹಾಡಿ ಅಳುತ್ತಿದ್ದ ಕಾಲಿಪಾ ಅರ್ಧಕ್ಕೇ ನಿಲ್ಲಿಸಿ ಕಿವಿಗೊಟ್ಟಳು. ಡೇರೆಯೊಳಗೆ ಕಂಬಳಿ ಗೋಡೆಗೆ ಮುಖಮಾಡಿ ಕೂತಿದ್ದ ಹೆಂಗಸರು ಗಾಬರಿಯಾದರು. ಗಂಡ ಸತ್ತವಳು ಅಳು ನಿಲ್ಲಿಸುವುದುಂಟೇ? ಪರದೆಯಾಚೆ ಅವಳ ಗಂಡ ಒಸ್ಮೊನ್ ಹೆಣವಾಗಿ ಮಲಗಿದ್ದ. ನಲವತ್ತು ವರ್ಷ ನಾರಿನ್ ಕಣಿವೆಯ ಗಾಡಿಗಳನ್ನೆಲ್ಲ ರಿಪೇರಿ ಮಾಡಿದವನಿಗೆ ಇವತ್ತು ಅವನದೇ ಗಾಡಿ ಕೈಕೊಟ್ಟಿತ್ತು.

"ಅಳಕ್ಕಾ, ಗಂಡಸ್ರು ಬರ್ತಿದಾರೆ," ಎಂದು ಓರಗಿತ್ತಿ ಜಿಬೆಕ್ ಮೊಣಕೈಯಿಂದ ತಿವಿದಳು.

"ತಡಿಯೇ. ಕೇಳಿಸ್ಕೊಳ್ಳೋಕೆ ಬಿಡು."

ಹೊರಗೆ ಪಕ್ಕದ ಮನೆಯ ಮೆಲಿಸ್ ಕಿಕ್ ಹೊಡೆದು ಹೊಡೆದು ಬೆವೆತಿದ್ದ. ಒಸ್ಮೊನ್‌ನನ್ನು ಎತ್ತಿ ಬೆಳೆಸಿದ ಅಕ್ಕ ಜಿಪಾರ್ ಮೇಲಿನ ಹಳ್ಳಿಯಲ್ಲಿ ಕಾಯುತ್ತಿದ್ದಳು. ಗುಡ್ಡ ಜರಿದು ಅರ್ಧ ರಸ್ತೆ ಹೋಗಿದೆ, ಕಾರು ದಾಟುವುದಿಲ್ಲ. ಸೊಂಟ ಮುರಿದ ಮುದುಕಿಯನ್ನು ಕುದುರೆಯ ಮೇಲೆ ಕೂರಿಸುವ ಹಾಗಿಲ್ಲ. ಸೈಡ್‌ಕಾರ್ ಇರುವ ಈ ಗಾಡಿಯೊಂದೇ ಗತಿ. ಮಧ್ಯಾಹ್ನದ ನಮಾಜು ಮುಗಿದೊಡನೆ ಹೆಣ ಎತ್ತುತ್ತಾರೆ, ಗೋರಿಯ ಹತ್ತಿರ ಹೆಂಗಸರು ಹೋಗುವಂತಿಲ್ಲ. ತಮ್ಮನ ಮುಖ ನೋಡಬೇಕೆಂದರೆ ಅಷ್ಟರೊಳಗೆ ಅವಳು ಇಲ್ಲಿರಬೇಕು.

"ಪೆಟ್ರೋಲ್ ಇದೆಯೇನೋ?" ಒಸ್ಮೊನ್‌ನ ತಮ್ಮ ಕುಬಾತ್ ಕೇಳಿದ.

"ಮುಚ್ಚಳ ತೆಗೆದು ನೋಡ್ದೆ ಕಣಣ್ಣಾ, ಬೇಕಾದಷ್ಟಿದೆ. ಪ್ಲಗ್ ಬದಲಾಯಿಸ್ದೆ. ಕಾರ್ಬುರೇಟರ್ ಬಿಚ್ಚಿ ಊದ್ದೆ. ಆ ಮರಗಳ ತಂಕ ಹೋಗತ್ತೆ, ನಿಂತ್ಬಿಡತ್ತೆ! ಒಸ್ಮೊನಣ್ಣ ಇದ್ದಿದ್ರೆ ಕಣ್ಣು ಮುಚ್ಕೊಂಡು ಹೇಳ್ತಿದ್ದ."

"ಅವನಿದ್ದಿದ್ರೆ ಇವತ್ತು ಅಕ್ಕನ್ನ ಕರ್ಕೊಂಡ್ಬರೋಕೆ ಯಾಕೋ ಹೋಗ್ಬೇಕಿತ್ತು, ದಡ್ಡಾ!"

*

ಮದುವೆಯಾದ ಆರನೆಯ ವರ್ಷ. ರಿಪೇರಿಯ ಜೊತೆಗೇ ಸರ್ಕಾರಿ ಹೊಲದ ಟ್ರಾಕ್ಟರನ್ನೂ ಓಡಿಸಿ ಓಡಿಸಿ ಒಸ್ಮೊನ್‌ನ ಕಿವಿ ಹೋಗಿತ್ತು. ಜನರ ಮಾತನ್ನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಎಂಜಿನ್ನಿಗೆ ತುಟಿಯೆಲ್ಲಿ?

"ಕಿವುಡ ಮೆಕ್ಯಾನಿಕ್ ಹತ್ರ ಯಾರು ಬರ್ತಾರೆ, ಕಾಲಿಪಾ?"

"ನನ್ನ ಕಿವಿ ಚೆನ್ನಾಗೇ ಇದೆಯಲ್ಲ," ಎಂದಿದ್ದಳು.

ಅಡುಗೆಮನೆಗೂ ಅವನ ರಿಪೇರಿ ಷೆಡ್ಡಿಗೂ ನಡುವೆ ಒಂದೇ ಹಲಗೆ ಗೋಡೆ. ಅವನು ಆಚೆಯಿಂದ ಅಂಗೈ ಒತ್ತಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಅವಳು ಈಚೆಯಿಂದ ಎಂಜಿನ್ ಕೇಳಿಸಿಕೊಂಡು ಸೌಟಿನಿಂದ ಹಲಗೆಗೆ ಬಡಿಯುತ್ತಿದ್ದಳು. ಒಂದು ಏಟೆಂದರೆ ಕಿಡಿಯ ತೊಂದರೆ. ಎರಡೆಂದರೆ ಪೆಟ್ರೋಲಿನದು. ಮೂರೆಂದರೆ ಸರಿಹೋಯಿತು, ಇನ್ನು ಕಳಿಸು.

ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿಸಿಕೊಂಡಿದ್ದ. ಕಣಿವೆಯ ಜನ ಅವನನ್ನು ಮಾಂತ್ರಿಕ ಎಂದರು. ಅವಳಿಗೆ ಹೊಟ್ಟೆಯುರಿಯಲಿಲ್ಲ ಎಂದರೆ ಸುಳ್ಳು. ಆದರೆ ಪ್ರತಿ ಗಾಡಿ ಹೊರಟ ಮೇಲೂ ಅವನು ಒಳಗೆ ಬಂದು, ಗ್ರೀಸು ಮೆತ್ತಿದ ಬೆರಳಿನಿಂದ ಅವಳ ಕಿವಿ ಮುಟ್ಟಿ ಹೋಗುತ್ತಿದ್ದ. ಎಷ್ಟು ತೊಳೆದರೂ ಕಿವಿಯಿಂದ ಪೆಟ್ರೋಲಿನ ವಾಸನೆ ಹೋಗುತ್ತಿರಲಿಲ್ಲ.

*

ಎಂಜಿನ್ ಮತ್ತೆ ಹೊರಟಿತು. ಮರಗಳ ಹತ್ತಿರ ಏದುಸಿರು ಬಿಟ್ಟು ಮತ್ತೆ ನಿಂತಿತು. ಕಿಡಿ ಹೋದರೆ ಫಟ್ಟೆಂದು ಸಾಯುತ್ತದೆ, ಇದು ಬಾಯಾರಿ ಸಾಯುತ್ತಿದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಏಳುತ್ತದೆ. ಟ್ಯಾಂಕಿನೊಳಕ್ಕೆ ಗಾಳಿ ಹೋಗುತ್ತಿಲ್ಲ, ಗಾಳಿ ಹೋಗದೆ ಪೆಟ್ರೋಲು ಕೆಳಗಿಳಿಯುವುದಿಲ್ಲ.

ಅವಳು ಪರದೆಯ ಕಡೆ ತಿರುಗಿದಳು. "ನಿಮ್ಮಕ್ಕ ಬರಬೇಕು. ಆಣೆ ಮುರೀತಿದೀನಿ, ಬೈಕೋಬೇಡಿ," ಎಂದು ಮೆಲ್ಲಗೆ ಹೇಳಿ, ಅಳುವ ಧಾಟಿಯಲ್ಲೇ ದನಿ ಎತ್ತಿದಳು.

"ನನ್ನ ಬೆಟ್ಟವೇ ಉರುಳಿತಲ್ಲೋ... ಟ್ಯಾಂಕಿನ ಮುಚ್ಚಳದಲ್ಲಿ ಸಣ್ಣ ತೂತಿದೆಯಲ್ಲೋ... ಧೂಳು ಕಟ್ಟಿ ಗಾಳಿ ಹೋಗ್ತಿಲ್ಲವಲ್ಲೋ, ಮೆಲಿಸಾ..."

ಹೆಂಗಸರು ರೂಢಿಯಂತೆ "ಅಯ್ಯೋ" ಎಂದು ದನಿಗೂಡಿಸಿ, ಆಮೇಲೆ ಬೆಚ್ಚಿದರು.

"ಅತ್ತಿಗೇ... ನಂಗಾ ಹೇಳಿದ್ದು?" ಗಾಡಿ ತಳ್ಳಿಕೊಂಡು ಬಂದ ಮೆಲಿಸ್ ಹೊರಗಿನಿಂದ ಕೇಳಿದ.

"ಇನ್ಯಾವ ಮೆಲಿಸ್ ಇದಾನೋ ಇಲ್ಲಿ!" ಎದೆಯ ಬಳಿ ಚುಚ್ಚಿಕೊಂಡಿದ್ದ ಸೂಜಿ ಕಿತ್ತು ಕಂಬಳಿಯಡಿಯಿಂದ ಹೊರಗೆ ತಳ್ಳಿದಳು. "ತೂತು ಬಿಡಿಸು. ಆಮೇಲೆ ಊದು."

"ಅಣ್ಣ ಹೇಳ್ಕೊಟ್ಟಿದ್ನಾ, ಅತ್ತಿಗೆ?" ಎಂದ ಕುಬಾತ್.

"ನಿಮ್ಮಣ್ಣಂಗೆ ಮೂವತ್ನಾಲ್ಕು ವರ್ಷದಿಂದ ಕಿವಿ ಕೇಳ್ತಿರ್ಲಿಲ್ಲಪ್ಪ. ಕೈ ಅವ್ರದು. ಕಿವಿ ನಂದು."

ಊರುಗೋಲು ಹಿಡಿದು ಗೋಳಾಡುತ್ತಿದ್ದ ಗಂಡಸರೆಲ್ಲ ಡೇರೆಯ ಕಡೆ ತಿರುಗಿದರು.

"ಗಾಡಿ ಸರಿಹೋದಾಗೆಲ್ಲ ನಾನು ಅವನಿಗೇ ಒಳ್ಳೇದಾಗ್ಲಿ ಅಂತ ದುವಾ ಮಾಡ್ತಿದ್ನಲ್ಲೋ!" ಎಂದ ಒಬ್ಬ ಮುದುಕ.

"ಅರ್ಧ ವಾಪಸ್ ತಗೊಂಡು ಅತ್ತಿಗೇಗೆ ಮಾಡು," ಎಂದ ಕುಬಾತ್. ಅಳುತ್ತಿದ್ದವರೇ ಮೀಸೆಯಡಿಯಲ್ಲಿ ನಕ್ಕರು.

ಎಂಜಿನ್ ಎದ್ದಿತು. ಮರಗಳನ್ನು ದಾಟಿತು, ಏರು ಹತ್ತಿತು, ನಿಲ್ಲಲಿಲ್ಲ. ಬೇರೆ ಯಾರಿಗೂ ಕೇಳದಷ್ಟು ದೂರ ಹೋದ ಮೇಲೂ ಕಾಲಿಪಾಗೆ ಕೇಳುತ್ತಿತ್ತು. ಅವಳಿಗೆ ಹೆಮ್ಮೆಯಾಯಿತು. ಆ ಹೆಮ್ಮೆಗೇ ಅಳು ಉಕ್ಕಿ ಬಂತು.

ನಮಾಜಿಗೆ ಮುಂಚೆಯೇ ಜಿಪಾರ್ ಬಂದಳು. ಇಬ್ಬರು ಹಿಡಿದು ಕೂರಿಸಿದರು. ತಮ್ಮನ ಹಣೆ ಸವರಿದಳು, ಕೆನ್ನೆ ಸವರಿದಳು, ಸಮಾಧಾನವಾಗುವಷ್ಟು ನೋಡಿದಳು.

"ದಾರೀಲಿ ಗಾಡಿ ನಿಂತಿತೇನಕ್ಕಾ?" ಎಂದಳು ಕಾಲಿಪಾ.

"ಒಂದ್ಸಲಾನೂ ಇಲ್ಲ ಕಣೇ."

ನಮಾಜಿನ ಹೊತ್ತಾಯಿತು. ಗಂಡಸರು ಬಾಗಿಲಲ್ಲಿ ಸೇರಿದರು. ಅವರಲ್ಲಿ ಹಿರಿಯರಿದ್ದರು, ಮುಲ್ಲಾ ಇದ್ದ. ಆದರೂ ಕುಬಾತ್ ಕೇಳಿದ್ದು ಅವಳನ್ನು. "ಎತ್ತೋಣವಾ, ಅತ್ತಿಗೆ?"

ಕಾಲಿಪಾ ಚಹಾದ ಪಾತ್ರೆಯಿಂದ ಸೌಟು ತೆಗೆದು ತಲೆವಸ್ತ್ರದ ಅಂಚಿಗೆ ಒರೆಸಿಕೊಂಡಳು. ಪರದೆಯ ಹತ್ತಿರ ಬಾಗಿ, ಗಂಡ ಮಲಗಿದ್ದ ಹಲಗೆಗೆ ಮೂರು ಸಲ ಬಡಿದಳು.