ಎಲುಬಿನ ತಟ್ಟೆ

ಗೂಟಕ್ಕೆ ನೇತುಹಾಕಿದ್ದ ಕೊಟ್ರಯ್ಯನ ಅಂಗಿಯ ಜೇಬಿನಲ್ಲಿ ವೀರೇಶನ ಕೈ ಇತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೊಟ್ರಯ್ಯನ ಹೆಂಡತಿ ಮರುಳಸಿದ್ದಮ್ಮ ಅದನ್ನು ನೋಡಿದಳು.

“ಏನ್ ಹುಡುಕಾಕತ್ತಿಯಪ್ಪ?”

ವೀರೇಶ ಬೆಚ್ಚಲಿಲ್ಲ. ಇನ್ನೊಂದು ಜೇಬನ್ನೂ ತಡವಿದ. “ಬೀರೂದ ಕೀಲಿ, ಚಿಗವ್ವ. ಚಿಗಪ್ಪನ ಪಿಂಗಾಣಿ ಸಾಮಾನೆಲ್ಲ ನನ್ನ ಗಾಡ್ಯಾಗ ಇಟ್ಟು ನಮ್ಮ ಮನಿಗೆ ಕಳಿಸಿಬಿಡ್ತೀನಿ. ನೀ ಏನೂ ಚಿಂತಿ ಮಾಡಬ್ಯಾಡ.”

“ಈಗ ಯಾಕ?”

“ಹೊರಗ ಭರಮಣ್ಣಾರು ಬಂದಾರ. ಅವರನ್ನ ಕೇಳು.”

ನಡುಮನೆಯಲ್ಲಿ ಕೊಟ್ರಯ್ಯನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ, ತೋಳು, ಎದೆಯ ಮೇಲೆ ಮಗಳು ಸುನಿತಾ ಬಳಿದ ವಿಭೂತಿ ಇನ್ನೂ ಹಸಿಯಾಗಿತ್ತು. ಬೆಳಗ್ಗೆ ಪೂಜೆಗೆ ಕುಳಿತವನು ಹಾಗೆಯೇ ಪಕ್ಕಕ್ಕೆ ವಾಲಿದ್ದ. ಮರುಳಸಿದ್ದಮ್ಮ ಬಂದು ಹಿಡಿಯುವಷ್ಟರಲ್ಲಿ ಮುಗಿದಿತ್ತು. ಹೊಸಪೇಟೆಯ ಬಜಾರಿನಲ್ಲಿ ಅವನ ಪಾತ್ರೆ ಅಂಗಡಿ ಇಂದು ಬಾಗಿಲು ತೆರೆದಿರಲಿಲ್ಲ. ಮನೆಯ ಮುಂದಿನ ಸಂಡೂರು ರಸ್ತೆಯಲ್ಲಿ ಮಾತ್ರ ಅದಿರಿನ ಲಾರಿಗಳು ಎಂದಿನಂತೆ ಒಂದರ ಬಾಲ ಇನ್ನೊಂದು ಹಿಡಿದು ಹೋಗುತ್ತಿದ್ದವು. ಅವುಗಳ ಹಾರ್ನು ಜೋರಾದಾಗಲೆಲ್ಲ ಭಜನೆಯವರೂ ತಾಳ ಏರಿಸುತ್ತಿದ್ದರು.

ಆ ಲಾರಿಗಳಲ್ಲಿ ಕೆಲವು ವೀರೇಶನವೇ. ಕೊಟ್ರಯ್ಯನ ಅಣ್ಣನ ಮಗ ಅವನು. ಅದಿರಿನ ಧಂದೆಗೆ ಇಳಿದ ಮೇಲೆ ನೋಡುನೋಡುತ್ತಿದ್ದಂತೆ ಎದ್ದವನು. ಸುದ್ದಿ ಕೇಳಿದ ಕೂಡಲೇ ಓಡಿ ಬಂದು ಚಿಗಪ್ಪನ ಕಾಲು ಹಿಡಿದು ಅತ್ತಿದ್ದ. ಪೆಂಡಾಲು, ಕುರ್ಚಿ, ಹೂವು, ಭಜನೆ ಎಲ್ಲ ಅವನದೇ ಓಡಾಟ. ಕೆಟ್ಟವನೆಂದು ಯಾರೂ ಅನ್ನುವಂತಿರಲಿಲ್ಲ.

ಭರಮಣ್ಣ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಸಮಾಜದ ಹಿರಿಯ. ಪೆಂಡಾಲಿನ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದ, ಹೊಸ್ತಿಲು ದಾಟಿರಲಿಲ್ಲ. ಮರುಳಸಿದ್ದಮ್ಮ ಹೊರಗೆ ಬಂದದ್ದನ್ನು ಕಂಡು ಎದ್ದು ಕೈ ಮುಗಿದ.

“ಅಮ್ನೋರ, ಪಾದ ಇಡಾಕ ಸ್ವಾಮಿಗಳನ್ನ ಕರಕೊಂಡು ಬಂದೀನ್ರಿ. ಕಾರ್‌ನ್ಯಾಗ ಕುಂತಾರ. ಆದ್ರ ಆ ಎಲುಬಿನ ಸಾಮಾನು ಮನ್ಯಾಗ ಇರೋತನಕ ಒಳಗ ಬರಂಗಿಲ್ಲ ಅಂತಾರ. ಸ್ವಾಮಿಗಳು ತಲಿ ಮ್ಯಾಲ ಪಾದ ಇಡದಾ ಅಯ್ಯನೋರನ್ನ ಮಣ್ಣಿಗೆ ಹೆಂಗ ಇಳಸೋದು, ನೀವಾ ಹೇಳ್ರಿ.”

ವೀರೇಶ ಹಿಂದೆಯೇ ಬಂದು ನಿಂತ. “ಅದಕ್ಕಾ ನಾ ಒಯ್ತೀನಿ ಅನ್ನೋದು. ಸ್ವಾಮಿಗಳ ಮಾತೂ ಉಳೀತು, ಸಾಮಾನೂ ಉಳೀತು. ಹೊಸ ಮನ್ಯಾಗ ಗಾಜಿನ ಕಪಾಟು ಮಾಡಿಸೀನಿ. ಚಿಗಪ್ಪನ ಹೆಸರು ಬರಸ್ತೀನಿ.”

ನೆರೆದವರೆಲ್ಲ ಮರುಳಸಿದ್ದಮ್ಮನ ಮುಖ ನೋಡಿದರು. ಅವಳು ಹೂಂ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆ ಮನೆಯಲ್ಲಿ ಆ ತಟ್ಟೆಗಳನ್ನು ಮುಟ್ಟದವಳು ಅವಳೊಬ್ಬಳೇ.

*

ಮದುವೆಯ ಹೊಸದರಲ್ಲಿ ಜನ ಹಳೆಯ ತಾಮ್ರ, ಹಿತ್ತಾಳೆ ತಂದುಕೊಟ್ಟು ಕೊಟ್ರಯ್ಯನ ಅಂಗಡಿಯಿಂದ ಸ್ಟೀಲು ಒಯ್ಯುತ್ತಿದ್ದರು. ಒಂದು ದಿನ ರಾಮಗಡದ ಬೆಟ್ಟ ಇಳಿದು ಬಂದ ಮುದುಕಿಯೊಬ್ಬಳು ಸೆರಗಿನಲ್ಲಿ ಸುತ್ತಿದ್ದ ತಟ್ಟೆಯೊಂದನ್ನು ತೆಗೆದು, ಇದಕ್ಕೆ ಚರಿಗೆ ಕೊಡುತ್ತೀಯಾ ಎಂದಳು. ಆ ಬೆಟ್ಟದ ಮೇಲೆ ಹಿಂದೆ ಇಂಗ್ಲಿಷ್ ದೊರೆಗಳು ಬೇಸಿಗೆ ಕಳೆಯುತ್ತಿದ್ದ ಬಂಗಲೆಗಳಿದ್ದವು. ಅವಳ ಅತ್ತೆ ಅಲ್ಲಿ ಪಾತ್ರೆ ತಿಕ್ಕುತ್ತಿದ್ದಳಂತೆ. ಕೆನೆಯ ಬಣ್ಣದ ತಟ್ಟೆ. ಅಂಚಿಗೆ ಕೂದಲೆಳೆಯಷ್ಟು ಚಿನ್ನ, ನಡುವೆ ಈ ಕಡೆ ಎಲ್ಲೂ ಬಿಡದ ನೀಲಿ ಹೂವು. ಕೊಟ್ರಯ್ಯ ಅದನ್ನು ಬಿಸಿಲಿಗೆ ಹಿಡಿದ. ಆಚೆಗಿದ್ದ ಅವನ ಬೆರಳುಗಳ ನೆರಳು ತಟ್ಟೆಯನ್ನು ದಾಟಿ ಈಚೆಗೆ ಕಂಡಿತು. ಮುದುಕಿಗೆ ಚರಿಗೆಯ ಜೊತೆಗೆ ಒಂದು ಕೊಡವನ್ನೂ ಕೊಟ್ಟು ಕಳಿಸಿದ.

ಅಲ್ಲಿಂದ ಹತ್ತಿದ ಹುಚ್ಚು ಬಿಡಲಿಲ್ಲ. ಸಂಡೂರಿನಲ್ಲಿ ಹಳೆಯ ಬಂಗಲೆ ಖಾಲಿಯಾಗುತ್ತದೆಂದರೆ ಹೋದ. ಬಳ್ಳಾರಿಯ ಗುಜರಿಯವರು ಇವನಿಗಾಗಿಯೇ ಪಿಂಗಾಣಿ ತೆಗೆದಿಡತೊಡಗಿದರು. ಕಿವಿ ಮುರಿದ ಕಪ್ಪು, ಸೀಳು ಬಿಟ್ಟ ಬೋಗುಣಿ, ಮುಚ್ಚಳ ಕಳೆದುಕೊಂಡ ಚಹಾದ ಕೆಟಲು. ಮೂತಿ ಚಾಚಿದ ಸಾರಿನ ಬಟ್ಟಲೊಂದನ್ನು ನೋಡಿ, ಇಷ್ಟು ದೊಡ್ಡ ಒಳಲೆಯಲ್ಲಿ ಹಾಲು ಕುಡಿಯುವ ದೊರೆಗಳ ಕೂಸು ಎಷ್ಟು ದೊಡ್ಡದಿರಬೇಕು ಎಂದು ಮರುಳಸಿದ್ದಮ್ಮ ಕೇಳಿದಳು. ಕೊಟ್ರಯ್ಯ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ತಂದದ್ದನ್ನು ಅವನು ಅಲಂಕಾರಕ್ಕೆ ಇಡಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಪುಡಿ ಎಲ್ಲ ಅದರಲ್ಲೇ ಉಂಡ.

ಸುನಿತಾಗೆ ಲಿಂಗ ಕಟ್ಟಿಸಿದ ದಿನ ಮನೆ ತುಂಬ ನೆಂಟರಿದ್ದರು. ವೀರೇಶ ಆಗ ಕಾನ್ವೆಂಟಿಗೆ ಹೋಗುವ ಹುಡುಗ. ತಟ್ಟೆಯೊಂದನ್ನು ಬೋರಲು ಮಾಡಿ ಅಡಿಯಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಎಲ್ಲರಿಗೂ ಕೇಳುವಂತೆ ಓದಿದ. “ಬೋನ್ ಚೈನಾ.” ಯಾರೂ ಕೇಳದಿದ್ದರೂ ಅರ್ಥವನ್ನೂ ಹೇಳಿದ. “ಬೋನ್ ಅಂದ್ರ ಎಲುಬು.”

ಉಣ್ಣುತ್ತಿದ್ದ ಹಿರಿಯರು ಅರ್ಧಕ್ಕೆ ಎದ್ದರು. ಕೊಟ್ರಯ್ಯ ಮುಚ್ಚಿಡಲಿಲ್ಲ. ಬಲ್ಲವರನ್ನು ಕೇಳಿ ಬಂದು, ದನದ ಎಲುಬು ಸುಟ್ಟು ಬೂದಿ ಮಾಡಿ ಮಣ್ಣಿಗೆ ಬೆರೆಸುವುದು ಹೌದು ಎಂದು ತಾನೇ ಹೇಳಿದ. ಜಂಗಮನಾಗಿ ಎಲುಬಿನಲ್ಲಿ ಉಣ್ಣುತ್ತೀಯಾ, ಹೊಳೆಗೆ ಎಸೆದು ಬಾ ಎಂದ ಭರಮಣ್ಣನಿಗೆ ಅವನು ಕೊಟ್ಟ ಉತ್ತರ ಮುಂದೆ ಬಹಳ ವರ್ಷ ಊರಲ್ಲಿ ಓಡಾಡಿತು.

“ಸಗಣಿ ಸುಟ್ಟ ಬೂದಿ ಹಣಿಗೆ ಹಚ್ಕೊಂತೀವಿ. ಎಲುಬು ಸುಟ್ಟ ಬೂದಿ ತಟ್ಟಿ ಆಗೇತಿ. ಬೆಂಕಿ ಹೊಕ್ಕು ಬಂದದ್ದಕ್ಕ ಯಾವ ಮೈಲಿಗಿ, ಭರಮಣ್ಣ?”

ಅಂದಿನಿಂದ ಅವನನ್ನು ಅಯ್ಯನೆಂದು ಪೂಜೆಗೆ, ಊಟಕ್ಕೆ ಯಾರೂ ಕರೆಯಲಿಲ್ಲ. ಅವನೂ ಯಾರ ಮನೆಯ ಬಾಗಿಲಿಗೂ ಹೋಗಲಿಲ್ಲ.

ನೆಂಟರು ಹೋದ ಮೇಲೆ ಮರುಳಸಿದ್ದಮ್ಮ ಗಂಡನ ಮುಂದೆ ನಿಂತಳು. “ನಾ ಇದನ್ನ ಮುಟ್ಟಂಗಿಲ್ಲ ನೋಡ್ರಿ. ತೊಳಿಯಂಗೂ ಇಲ್ಲ.”

“ಬ್ಯಾಡ ಬಿಡು,” ಎಂದ ಕೊಟ್ರಯ್ಯ.

ಮರುದಿನದಿಂದ ಅವನ ತಟ್ಟೆ ಅವನೇ ತೊಳೆದುಕೊಂಡ. ಅವಳು ಕೈ ಎತ್ತರಿಸಿ ಬಡಿಸುವಳು, ತಟ್ಟೆಗೆ ಸೌಟು ತಾಗುತ್ತಿರಲಿಲ್ಲ. ಅವನು ಪಿಂಗಾಣಿಯಲ್ಲಿ, ಅವಳು ಸ್ಟೀಲಿನಲ್ಲಿ, ಎದುರುಬದುರು ಕುಳಿತು ಉಂಡರು. ಇಂದಲ್ಲ ನಾಳೆ, ಒಮ್ಮೆ ಹಿಡಿದಾದರೂ ನೋಡು ಎಂದು ಅವನು ಅಂದೇ ಅನ್ನುತ್ತಾನೆಂದು ಅವಳು ಉತ್ತರ ಸಿದ್ಧಮಾಡಿಕೊಂಡು ವರ್ಷಗಟ್ಟಲೆ ಕಾದಳು. ಅವನು ಅನ್ನಲಿಲ್ಲ. ಚೋರನೂರಿನ ತವರಿನಲ್ಲಿ ಅವಳು ಉಡುವ ಸೀರೆಯಿಂದ ಕೊಡುವ ಗಂಡಿನವರೆಗೆ ಎಲ್ಲವನ್ನೂ ಬೇರೆಯವರೇ ನಿಶ್ಚಯ ಮಾಡಿದ್ದರು. ಅವಳ ಬಾಯಿಂದ ಬಂದ ‘ಬ್ಯಾಡ’ ಒಂದು ಹೊತ್ತು ದಾಟಿ ಉಳಿದದ್ದು ಈ ಮನೆಯಲ್ಲಿಯೇ ಮೊದಲು.

ಎರಡು ವರ್ಷದ ಕೆಳಗೆ ಅದಿರು ಕೊಳ್ಳುವ ಪರದೇಶದವರು ಬಂದಾಗ, ಊಟಕ್ಕೆ ಆ ತಟ್ಟೆಗಳನ್ನು ಕೊಡು ಎಂದು ವೀರೇಶ ಕೇಳಿದ್ದ. “ಅವರನ್ನ ಇಲ್ಲಿಗೇ ಕರಕೊಂಡ್ ಬಾ, ನಿಮ್ಮ ಚಿಗವ್ವ ರೊಟ್ಟಿ ಬಡೀತಾಳ, ನಾ ಬಡಸ್ತೀನಿ,” ಎಂದಿದ್ದ ಕೊಟ್ರಯ್ಯ. ಹಾಗಾದರೆ ತನಗೇ ಮಾರಿಬಿಡು, ಗಾಜಿನ ಕಪಾಟಿನಲ್ಲಿ ಇಡುತ್ತೇನೆ ಎಂದಾಗ ತಲೆ ಅಲ್ಲಾಡಿಸಿದ್ದ. “ಉಣ್ಣದ ತಟ್ಟಿ ಹೆಣ ಇದ್ದಂಗ, ವೀರೇಶ.”

*

“ಕೀಲಿ ನನ್ನ ಸೊಂಟದಾಗ ಐತಿ,” ಎಂದಳು ಮರುಳಸಿದ್ದಮ್ಮ. “ಮುಂಜಾನೇ ತಗೊಂಡು ಸಿಗಸ್ಕೊಂಡೀನಿ. ಕೊಡಂಗಿಲ್ಲ.”

ಭಜನೆಯ ತಾಳ ಒಂದು ಗಳಿಗೆ ತಪ್ಪಿತು. ಭರಮಣ್ಣ ಸಮಾಧಾನದಿಂದಲೇ ಹೇಳಿದ, “ಅಮ್ನೋರ, ನೀವು ಒಂದ್ ದಿನಾನೂ ಅದನ್ನ ಮುಟ್ಟಿಲ್ಲ. ನಿಮ್ಮ ನೇಮ ಊರಿಗೆಲ್ಲ ಗೊತ್ತೈತಿ. ಇವತ್ತು ನಿಮಗೂ ಬಿಡುಗಡಿ ಆಗ್ಲಿ.”

“ನಾ ಬ್ಯಾಡ ಅಂದದ್ದು ನನ್ನ ಗಂಡಗ, ಭರಮಣ್ಣಾರ. ಅದು ನಮ್ಮಿಬ್ಬರದು. ಅದನ್ನ ನೀವು ಇಸ್ಕೊಂಡು ಬಳಸಾಕ ಬರಂಗಿಲ್ಲ.”

“ಸ್ವಾಮಿಗಳು ಹೊಂಟಹೋಗ್ತಾರ.”

“ಹೋಗ್ಲಿ.”

“ಅವ್ವ,” ಎಂದು ಸುನಿತಾ ತೋಳು ಹಿಡಿದಳು. ಕಂಪ್ಲಿಯಲ್ಲೇ ಅವಳ ಗಂಡನ ಮನೆ. ಭರಮಣ್ಣನ ಮಾತಿಗೆ ಅಲ್ಲಿ ತೂಕವಿತ್ತು. “ಅಪ್ಪಗ ಪಾದ ಇಡೋರು ಇಲ್ಲದಂಗ ಆಗ್ತದ.”

ಮರುಳಸಿದ್ದಮ್ಮ ಮಗಳ ಕೈ ಬಿಡಿಸಿಕೊಂಡು ಒಳಗೆ ಹೋದಳು. ಗಂಡನ ಮುಂದೆ ಮಂಡಿಯೂರಿ ವಿಭೂತಿಗಟ್ಟಿಯನ್ನು ಅಂಗೈಗೆ ತೀಡಿದಳು. “ಪಾದ ಇಡೋರಿಲ್ಲಂದ್ರ ಕೈ ಇಡ್ತೀನಿ,” ಎಂದು ಅವನ ತಲೆಯ ಮೇಲೆ ಅಂಗೈ ಊರಿದಳು. ಇಷ್ಟು ವರ್ಷದಲ್ಲಿ ಗಂಡನ ತಲೆಯನ್ನು ಅವಳು ಹಾಗೆ ಮುಟ್ಟಿದ್ದೇ ಇಲ್ಲ. ಕೂದಲು ಕೂಸಿನ ಕೂದಲಿನಷ್ಟು ಮೆತ್ತಗಿತ್ತು. ಅವಳು ಕೈ ತೆಗೆಯಲಿಲ್ಲ. ಹೊರಗೆ ಕಾರು ಚಾಲೂ ಆಗಿ, ತಿರುಗಿ, ಹೋದ ಸದ್ದು ಕೇಳುವ ತನಕ ಹಾಗೆಯೇ ಇದ್ದಳು.

ಭರಮಣ್ಣನ ಜೊತೆ ಕೆಲವರು ಹೋದರು. ಉಳಿದವರು ಹೆಗಲು ಕೊಟ್ಟರು. ರುದ್ರಭೂಮಿ ಇದ್ದದ್ದು ರಸ್ತೆಯ ಆಚೆಗೆ. ಲಾರಿಗಳು ದಾರಿ ಬಿಡಲಿಲ್ಲ. ಸಿಟ್ಟಿನಿಂದ ದೂರ ನಿಂತಿದ್ದ ವೀರೇಶ ಸ್ವಲ್ಪ ಹೊತ್ತು ನೋಡಿದ. ಆಮೇಲೆ ನಡುರಸ್ತೆಗೆ ಹೋಗಿ ಎರಡೂ ಕೈ ಎತ್ತಿ ನಿಂತ. ಎಲ್ಲಕ್ಕಿಂತ ಮುಂದಿದ್ದದ್ದು ಅವನದೇ ಲಾರಿ. “ಬಂದ್ ಮಾಡಲೇ ಇಂಜಿನ್ನು,” ಎಂದು ಕೂಗಿದ. ಚಿಗಪ್ಪ ದಾಟುವವರೆಗೆ ಅದಿರಿನ ಧೂಳು ಹಿಡಿದ ಆ ಕೆಂಪು ಸಾಲು ಅಲುಗಲಿಲ್ಲ.

ಕುಣಿ ತೋಡಿದವನು ಕೇರಿಯ ಪಾಲಪ್ಪ. ಕೊಟ್ರಯ್ಯನನ್ನು ಒಳಗೆ ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ಬಿಲ್ವಪತ್ರೆ ಸುರಿದ ಮೇಲೆ ಅವನು ಮೊದಲ ಗುದ್ದಲಿ ಮಣ್ಣು ಎಳೆಯುವ ಮುಂಚೆ ಮರುಳಸಿದ್ದಮ್ಮನ ಮುಖ ನೋಡಿದ. ಅವಳು ಹೂಂ ಎಂದಳು.

*

ಪಕ್ಕದ ಮನೆಯ ಶಾಂತಕ್ಕ ಅನ್ನ, ಸಾರು ಮಾಡಿ ತಂದಿಟ್ಟಿದ್ದಳು. ಮಣ್ಣು ಮಾಡಿ ಬಂದವರು ಕಾಲು ತೊಳೆದು, ದೀಪ ನೋಡಿ ನಡುಮನೆಯ ಗೋಡೆಗುಂಟ ಕುಳಿತರು.

“ಅಂಗಡಿ ತೆಗಸಿ ಸ್ಟೀಲ್ ತಟ್ಟಿ ತರಸ್ಲೇನವ್ವ?” ಎಂದಳು ಸುನಿತಾ.

“ಮನ್ಯಾಗಿರೋವಷ್ಟು ಸ್ಟೀಲು ತಗಿ. ಬ್ಯಾಡ ಅನ್ನೋರಿಗೆ ಬೇಕಾಗ್ತಾವ.” ಸೊಂಟದಿಂದ ಕೀಲಿ ತೆಗೆದು ಮರುಳಸಿದ್ದಮ್ಮ ಬೀರುವಿನ ಬಾಗಿಲು ತೆರೆದಳು.

ಮೊದಲ ತಟ್ಟೆಗೆ ಕೈ ಹಾಕಿದಳು. ಅಷ್ಟು ಹಗುರವಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಸ್ಟೀಲಿನ ರೂಢಿಯಲ್ಲಿ ಎತ್ತಿದ ತಟ್ಟೆ ಬೆರಳುಗಳಿಂದ ಜಾರಿ ಕಡಪಾ ಕಲ್ಲಿನ ಮೇಲೆ ಚೂರಾಯಿತು. ಸುನಿತಾ ಬಾಯಿಗೆ ಸೆರಗು ಹಿಡಿದಳು. ವೀರೇಶ ಅರ್ಧ ಎದ್ದ.

“ಒಂದು ಹೋತು,” ಎಂದಳು ಮರುಳಸಿದ್ದಮ್ಮ. “ಇನ್ನೂ ಭಾಳ ಅದಾವ.” ಚೂರುಗಳನ್ನು ಗೋಡೆಯ ಬದಿಗೆ ಸರಿಸಿ ಎರಡನೆಯದನ್ನು ಎರಡೂ ಕೈಯಲ್ಲಿ ತೆಗೆದಳು.

ಸಾಲಿನ ಮುಂದೆ ನಿಂತು ಒಬ್ಬೊಬ್ಬರನ್ನೂ ಕೇಳಿದಳು, ಇದೋ ಅದೋ ಎಂದು. ಕೆಲವರು ಸುಮ್ಮನೆ ಸ್ಟೀಲಿನ ಕಡೆ ನೋಡಿದರು. ಅವರಿಗೆ ಸ್ಟೀಲು ಹಾಕಿದಳು. ಭಜನೆಯ ಮುದುಕನೊಬ್ಬ, “ಅಯ್ಯನೋರು ಉಂಡದ್ದರಾಗಾ ಹಾಕ್ರಿ,” ಎಂದ. ಶಾಂತಕ್ಕ ಹಸಿರು ಬಳ್ಳಿಯ ತಟ್ಟೆಯನ್ನು ತಾನೇ ಆರಿಸಿಕೊಂಡಳು. ವೀರೇಶ ತಲೆ ಎತ್ತದೆ, “ನನಗ ಸ್ಟೀಲ್, ಚಿಗವ್ವ,” ಎಂದ. “ಆತಪ್ಪ,” ಎಂದು ಹಾಕಿದಳು. ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ಸಾಲಿನ ಕೊನೆಗೆ ತನ್ನ ಹಳೆಯ ಸ್ಟೀಲಿನ ತಟ್ಟೆಯನ್ನು ಇಟ್ಟುಕೊಂಡಳು. ಅದರ ಪಕ್ಕದಲ್ಲಿ ಚಿನ್ನದಂಚಿನ ನೀಲಿ ಹೂವಿನ ತಟ್ಟೆ ಇಟ್ಟು, ಎಲ್ಲ ತಟ್ಟೆಗಳಿಗೂ ಅನ್ನ ಬಡಿಸಿದಳು. ಆಮೇಲೆ ಸಾರಿನ ಬೋಗುಣಿ ಕೈಗೆತ್ತಿಕೊಂಡು ಬಾಗಿಲ ಕಡೆ ನೋಡುತ್ತಾ ನಿಂತಳು.

ಪಾಲಪ್ಪ ಗೇಟಿನ ಬಳಿ ಬೇವಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ. ಅನ್ನ ಕಟ್ಟಿಕೊಂಡು ಹೋಗಲು ಟವೆಲು ಹಾಸಿದ್ದ.

“ಪಾಲಪ್ಪ, ಒಳಗ ಬಾ.”

“ಇಲ್ಲೇ ಹಾಕ್ರಿ ಅಮ್ನೋರ. ನನಗ ಇಲ್ಲೇ ರೂಢಿ.”

“ರೂಢಿ ಕೇಳಿಲ್ಲ ನಾ. ಬ್ಯಾಡ ಅಂದ್ರ ಬ್ಯಾಡ ಅನ್ನು, ಬಿಡ್ತೀನಿ.”

ಸಾಲಿನಲ್ಲಿ ಯಾರೋ ಕೆಮ್ಮಿದರು. ಇಬ್ಬರು ಮುಖ ಮುಖ ನೋಡಿಕೊಂಡರು, ಆದರೆ ಏಳಲಿಲ್ಲ. ಬರಿ ಅನ್ನ ಎಲ್ಲರ ಮುಂದೆ ಹಬೆಯಾಡುತ್ತಿತ್ತು. ಮರುಳಸಿದ್ದಮ್ಮ ಸೌಟನ್ನು ಸಾರಿಗೆ ಅದ್ದಲಿಲ್ಲ.

ಪಾಲಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಆಗಲೇ ತೊಳೆದಿದ್ದ ಕಾಲುಗಳನ್ನು ನಲ್ಲಿಯ ಕೆಳಗೆ ಮತ್ತೊಮ್ಮೆ ತೊಳೆದ. ಕಡಪಾ ಕಲ್ಲಿನ ಮೇಲೆ ಅವನ ಒದ್ದೆ ಹೆಜ್ಜೆಗಳು ಒಂದೊಂದಾಗಿ ಮೂಡುತ್ತ ಹೊಸ್ತಿಲು ದಾಟಿ, ಕುಳಿತವರ ಮುಂದೆ ಹಾದು, ಸಾಲಿನ ಕೊನೆಯಲ್ಲಿ ಆ ಎರಡು ತಟ್ಟೆಗಳ ಬಳಿಗೆ ಬಂದು ನಿಂತವು.