ಗೆಡ್ಡೆ ಅಗೆಯುವವರು

ಸಾರನ್ನದ ತುತ್ತನ್ನು ಚಿತ್ರಾ ಮತ್ತೆ ಮಗಳ ಬಾಯಿಯ ಹತ್ತಿರ ಒಯ್ದಳು. ಎರಡು ವರ್ಷದ ಗೌತಮಿ ಮತ್ತೆ ತುಟಿ ಬಿಗಿದು ಮುಖ ತಿರುಗಿಸಿದಳು.

"ಕಾಗೆ ನೋಡು ಪುಟ್ಟಿ, ಕಾಗೆ ಬಂತು..."

ಕಾಗೆ ನಿಜವಾಗಿಯೂ ಬಂದು ಬಾಲ್ಕನಿಯ ಕಂಬಿಯ ಮೇಲೆ ಕೂತಿತು. ಬಾಯಿ ಮಾತ್ರ ತೆರೆಯಲಿಲ್ಲ.

"ಬಾನು," ಎಂದಳು ಗೌತಮಿ, ಬಾಗಿಲ ಕಡೆ ಕೈ ತೋರಿಸಿ.

ಬಾನು ಎಂದರೆ ಎದುರುಮನೆಯ ಶಹರ್ಬಾನು. ಚಿತ್ರಾ ಹೆಬ್ಬಾಳದ ಆಫೀಸಿಗೆ ಹೋದ ದಿನಗಳಲ್ಲಿ ಮಧ್ಯಾಹ್ನ ಮಗುವಿಗೆ ಉಣಿಸುವವರು ಅವರೇ. ಅತ್ತೆ ಅಲಮೇಲು ಅವರ ಮಂಡಿಗೆ ಮಗುವಿನ ಹಿಂದೆ ಓಡುವ ಶಕ್ತಿ ಇರಲಿಲ್ಲ. ಊಟ ಮಾತ್ರ ಈ ಮನೆಯ ಡಬ್ಬಿಯಲ್ಲೇ ಹೋಗಬೇಕು. "ಅನ್ನ ನಮ್ದು, ಕೈ ಮಾತ್ರ ಅವಳ್ದು" ಎಂದು ಅಲಮೇಲು ನೆಂಟರಿಗೆಲ್ಲ ಸಮಜಾಯಿಷಿ ಕೊಟ್ಟಾಗಿತ್ತು. ಈಗ ನೋಡಿದರೆ ಮಗುವಿಗೆ ಬೇಕಾಗಿದ್ದದ್ದು ಆ ಕೈಯೇ.

"ಹೆತ್ತ ತಾಯಿ ಕೈತುತ್ತು ಬೇಡ ಅನ್ನೋ ಮಗೂನ ನಾನೆಲ್ಲೂ ಕಾಣೆ ಕಣಮ್ಮ," ಎಂದರು ಅಲಮೇಲು.

ಸೋಫಾದ ಮೇಲೆ ಒರಗಿದ್ದ ಶ್ರೀಕಾಂತ್ ಫೋನಿನಿಂದ ಕಣ್ಣೆತ್ತಲಿಲ್ಲ. "ಅದು ನೇಚರ್, ಚಿತ್ರಾ. ಆದಿಮಾನವರ ಕಾಲದಿಂದ್ಲೂ ಅಷ್ಟೇ. ಗಂಡಸು ಬೇಟೆಗೆ ಹೋಗ್ತಿದ್ದ, ಹೆಂಗಸು ಗುಹೇಲಿದ್ದು ಮಕ್ಕಳಿಗೆ ತಿನ್ನಿಸ್ತಿದ್ಲು. ಸೋಮವಾರ ಮ್ಯಾನೇಜರ್ ಹತ್ರ ಮಾತಾಡ್ತೀಯ ಅಲ್ವಾ?"

"ನೀವ್ಯಾವಾಗ ರೀ ಬೇಟೆಗೆ ಹೋಗಿದ್ದು? ಒಂದು ಕಟ್ಟು ಸೊಪ್ಪಿಗೂ ಆ್ಯಪ್ ಒತ್ತುತ್ತೀರಿ."

ಅಲಮೇಲು ಕೂಡ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಗು ನಿಂತ ಮೇಲೂ ಗಂಡನ ಮಾತು ಚಿತ್ರಾಳೊಳಗೆ ಮುಳ್ಳಿನಂತೆ ಉಳಿಯಿತು. ಕೆಲಸ ಬಿಡುತ್ತೇನೆಂದು ಒಪ್ಪಿದ್ದವಳು ಅವಳೇ. ಮ್ಯಾನೇಜರಿಗೆ ಹೇಳಬೇಕಾದ ಮಾತನ್ನು ವಾರದಿಂದ ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ ಉರುಹೊಡೆಯುತ್ತಿದ್ದಳು. ಕೆಲಸ ಹೋಗುವ ಸಂಕಟ ಒಂದು ಕಡೆ. ತಾನೇನೋ ಸೃಷ್ಟಿಯ ನಿಯಮವನ್ನೇ ಮೀರಿದೆನೇ ಎಂಬ ಅಳುಕು ಅದಕ್ಕಿಂತ ಹೆಚ್ಚು. ಆದರೆ ಆ ಗುಹೆಯೊಳಗೆ ಯಾರು ಇಣುಕಿ ನೋಡಿದ್ದರು?

ಸಂಜೆ ತರಕಾರಿಯ ನೆಪದಲ್ಲಿ ಆರ್‌.ಟಿ. ನಗರದ ಲೈಬ್ರರಿಗೆ ಹೋದಳು. ಲೈಬ್ರರಿಯನ್ ನಾಗಭೂಷಣ ಕನ್ನಡಕದ ಮೇಲಿಂದ ನೋಡಿದರು. "ಆದಿಮಾನವರು ಏನು ತಿಂತಿದ್ರು ಅಂತಲಾ? ಡಯಟ್ಟಾ ಮೇಡಂ? ಈಗ ಅದೇ ಫ್ಯಾಷನ್ನು."

"ಡಯಟ್ ಅಲ್ಲ. ಯಾರು ಯಾರಿಗೆ ತಿನ್ನಿಸ್ತಿದ್ರು ಅಂತ ಬೇಕಿತ್ತು."

ಅವರು ತೋರಿಸಿದ ಮೊದಲ ಪುಸ್ತಕದ ಮುಖಪುಟದಲ್ಲಿ ಹೊಟ್ಟೆಯ ಮೇಲೆ ಇಟ್ಟಿಗೆ ಜೋಡಿಸಿದಂತಿದ್ದ ಗಂಡಸೊಬ್ಬ ಭರ್ಜಿ ಹಿಡಿದು ನಿಂತಿದ್ದ. ಒಳಗೆಲ್ಲ ಅಕ್ಕಿ ವಿಷ, ಹಾಲು ವಿಷ. ಮಕ್ಕಳ ಸುದ್ದಿಯೇ ಇರಲಿಲ್ಲ. ಇನ್ನೊಂದು ಬಣ್ಣದ ಚಿತ್ರಗಳದ್ದು. ಅದರಲ್ಲಿ ಶ್ರೀಕಾಂತ್ ಹೇಳಿದ್ದೇ ಗುಹೆ, ಅದೇ ಬೆಂಕಿ, ಅದೇ ಹೆಂಗಸು. ಮೂರನೆಯದರ ಬೆನ್ನು ಕಿತ್ತುಹೋಗಿತ್ತು. ಮೊದಲ ಪುಟದಲ್ಲೇ ಬರೆದವರು, ನಮಗೆ ಗೊತ್ತಿರುವುದು ಬಹಳ ಕಡಿಮೆ ಎಂದು ಒಪ್ಪಿಕೊಂಡಿದ್ದರು. ಚಿತ್ರಾಗೆ ಆ ಪುಸ್ತಕದ ಮೇಲೆ ನಂಬಿಕೆ ಬಂತು.

ಭಾನುವಾರ ಮಗು ಮಲಗಿದ ಮೇಲೆ ಓದತೊಡಗಿದಳು. ಮೂಳೆ ಉಳಿಯುತ್ತದೆ, ಗೆಡ್ಡೆ ಕೊಳೆತುಹೋಗುತ್ತದೆ. ಅದಕ್ಕೇ ಬೇಟೆಯ ಕಥೆ ದೊಡ್ಡದಾಯಿತು ಎಂದಿತ್ತು ಪುಸ್ತಕ. ಇವತ್ತಿಗೂ ಕಾಡಿನಲ್ಲೇ ಆಹಾರ ಹುಡುಕಿ ಬದುಕುವ ಕೆಲವು ಜನರಲ್ಲಿ ತಾಯಂದಿರು ದೂರ ಹೋಗುತ್ತಾರಂತೆ. ವಯಸ್ಸಾದ ಹೆಂಗಸರು ಕೋಲಿನಿಂದ ನೆಲ ಅಗೆದು ಗೆಡ್ಡೆ ತೆಗೆದು, ಸುಟ್ಟು, ಹತ್ತಿರ ಬಂದ ಮಕ್ಕಳಿಗೆಲ್ಲ ತಿನ್ನಿಸುತ್ತಾರಂತೆ. ಅಜ್ಜಿ, ಅತ್ತೆ, ಪಕ್ಕದ ಒಲೆಯವಳು. ಮನುಷ್ಯರ ಮಗು ಬಹುಶಃ ಯಾವತ್ತೂ ಒಂದೇ ಕೈಯಿಂದ ಬೆಳೆದದ್ದಲ್ಲ ಎಂಬ ಸಾಲನ್ನು ಅವಳು ಓದಿ, ಮತ್ತೆ ಮೇಲಿನಿಂದ ಓದಿದಳು. ಪುಟದ ನಡುವೆ ಬೆರಳಿಟ್ಟುಕೊಂಡೇ ಎದ್ದು ಹೋದಳು.

ಅಡುಗೆಮನೆಯಲ್ಲಿ ಅಲಮೇಲು ಹುರುಳಿಕಾಯಿ ನಾರು ತೆಗೆಯುತ್ತಿದ್ದರು.

"ಅಮ್ಮಾ, ಇವರು ಚಿಕ್ಕವರಿದ್ದಾಗ ಯಾರು ತಿನ್ನಿಸ್ತಿದ್ರು?"

"ಯಾರು ಅಂತ ಹೇಳಲಿ? ನಮ್ಮತ್ತೆ, ನನ್ನ ಓರಗಿತ್ತಿ, ಹಿಂದಿನ ಮನೆ ಗೋಪಾಲಮ್ಮ... ನನ್ನ ಕಂಡ್ರೆ ಸಾಕು, ಮಂಚದ ಕೆಳಗೆ ಓಡ್ತಿದ್ದ, ಮುಂಡೇದು." ಹೇಳಿದ ಮೇಲೆ ಅವರ ಕೈ ಒಂದು ಕ್ಷಣ ನಿಂತಿತು. ಸೊಸೆಯ ಮುಖ ನೋಡದೆ ಮತ್ತೆ ನಾರು ತೆಗೆಯತೊಡಗಿದರು.

ಸಂಜೆ ಮಗು ಮತ್ತೆ ಹಟ ಹಿಡಿದಾಗ ಚಿತ್ರಾ ತಾನೇ ಹೋಗಿ ಎದುರುಮನೆಯ ಬಾಗಿಲು ತಟ್ಟಿದಳು. ಶಹರ್ಬಾನು ದುಪಟ್ಟಾ ಸರಿಮಾಡಿಕೊಳ್ಳುತ್ತಾ ಬಂದು, ಕೈ ತೊಳೆದು ನೆಲದ ಮೇಲೆ ಕೂತರು. "ಏನ್ ಮೇಡಮ್ಮೋರೇ, ಅಮ್ಮಂಗೆ ತೊಂದ್ರೆ ಕೊಡ್ತೀರಾ?" ಗೌತಮಿ ಕಿಲಕಿಲ ನಕ್ಕು ಬಾಯಿ ತೆರೆದಳು. ತಟ್ಟೆ ಬರಿದಾಗುತ್ತಾ ಬಂತು.

ಮ್ಯಾನೇಜರಿಗೆ ಹೇಳಬೇಕಿದ್ದ ಮಾತನ್ನು ಮಧ್ಯಾಹ್ನದಿಂದ ತಾನು ಉರುಹೊಡೆದೇ ಇಲ್ಲವೆಂದು ಚಿತ್ರಾಗೆ ಹೊಳೆಯಿತು. ಇನ್ನು ಅದು ಬೇಕಾಗುವುದೂ ಇಲ್ಲ.

"ನಾಳೆ ಮಾತಾಡ್ತೀಯ ತಾನೇ?" ರೂಮಿನಿಂದ ಶ್ರೀಕಾಂತ್ ಕೂಗಿ ಕೇಳಿದ.

ಶಹರ್ಬಾನು ಉಳಿದ ಕೊನೆಯ ತುತ್ತನ್ನು ಉಂಡೆ ಮಾಡಿ ಚಿತ್ರಾಳ ಕಡೆ ಚಾಚಿದ್ದರು. "ನೀನೂ 'ಆ...' ಅನ್ನು ಬೇಟಿ, ಯಾಕೆ ವೇಸ್ಟು."

ಚಿತ್ರಾ ಬಾಗಿ ಬಾಯಿ ತೆರೆದಳು. ಅನ್ನ ಆರಿತ್ತು, ತುಪ್ಪ ಗಟ್ಟಿಯಾಗಿತ್ತು. ಅವಳು ನಿಧಾನವಾಗಿ ಅಗಿಯುತ್ತಾ ಕೂತಳು.